ಹಿಮದ ಫೋಟೊಗ್ರಫಿ: ಚೌಕಟ್ಟು, ಬಣ್ಣ, ಬೆಳಕು – ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂತೆಂದರೆ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಿಂದ ಗುಲ್ಮಾರ್ಗ್, ಮನಾಲಿ, ಸ್ಪಿತಿ ಕಡೆಗೆ ಹೊರಡುವವರ ಸಾಲು ಶುರುವಾಗುತ್ತದೆ. ಟೊರಾಂಟೊ, ಮಿನಿಯಾಪೊಲಿಸ್‌ಗಳಲ್ಲಿರುವ ಕನ್ನಡಿಗರಿಗಂತೂ ಹಿಮ ಮನೆಯಂಗಳದಲ್ಲೇ ಬಿದ್ದಿರುತ್ತದೆ. ನಮ್ಮ ಬಿಸಿಲಿನಲ್ಲಿ ಪಳಗಿದ ಕೈ ಹಿಮದ ಮುಂದೆ ಮೊದಲ ದಿನ ಎಡವುವುದು ಸಹಜ. ಇಲ್ಲಿ ಕಲಿತ ಅಂದಾಜುಗಳು ಅಲ್ಲಿ ತಲೆಕೆಳಗಾಗುತ್ತವೆ. ಕೆಳಗಿನ ಉತ್ತರಗಳನ್ನೆಲ್ಲ ಪೋಣಿಸುವ ಎಳೆ ಒಂದೇ: ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಬಣ್ಣವನ್ನೇ ಉಡುತ್ತದೆ. ಕಣ್ಣು ಮೊದಲು ಹುಡುಕಬೇಕಾದ್ದು ಆ ಬೆಳಕನ್ನು.

ಹಾಲಿನಂತೆ ಬೆಳ್ಳಗೆ ಕಂಡ ಹಿಮ ಫೋಟೊದಲ್ಲಿ ಬೂದುಬೂದಾಗಿ ಬರುವುದೇಕೆ?

ಕ್ಯಾಮೆರಾದ ಬೆಳಕಳೆಯುವ ಮೀಟರ್ ತನ್ನೆದುರಿನ ದೃಶ್ಯ ಸರಾಸರಿ ಬೂದು ಬಣ್ಣದ್ದು, ಬಿದ್ದ ಬೆಳಕಿನಲ್ಲಿ ಶೇ 18ರಷ್ಟನ್ನು ಮರಳಿಸುತ್ತದೆ ಎಂದು ನಂಬಿ ಲೆಕ್ಕ ಹಾಕುತ್ತದೆ. ಹೊಸದಾಗಿ ಬಿದ್ದ ಹಿಮ ಶೇ 80ರಿಂದ 90ರಷ್ಟು ಬೆಳಕನ್ನು ಮರಳಿಸುತ್ತದೆ. ‘ಇಷ್ಟು ಬೆಳಕು ಜಾಸ್ತಿಯಾಯಿತು’ ಎಂದುಕೊಂಡು ಮೀಟರ್ ಅದನ್ನು ಬೂದಿಗೆ ಎಳೆಯುತ್ತದೆ. ಈ ಅಂತರ ಎರಡು ಸ್ಟಾಪ್‌ಗಿಂತ ತುಸು ಹೆಚ್ಚು (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಅದರಲ್ಲಿ ಹೆಚ್ಚಿನ ಪಾಲನ್ನು ಎಕ್ಸ್‌ಪೋಷರ್ ಕಾಂಪೆನ್ಸೇಷನ್‌ನಲ್ಲಿ (ಮೀಟರಿನ ಲೆಕ್ಕಕ್ಕೆ ಸ್ಟಾಪ್‌ಗಳನ್ನು ಕೂಡಿಸುವ, ಕಳೆಯುವ ಸೌಲಭ್ಯ) ನಾವೇ ತುಂಬಿಕೊಡಬೇಕು.

ಬಿಸಿಲು ಬಿದ್ದ ಹಿಮವೇ ಚೌಕಟ್ಟನ್ನು ತುಂಬಿದ್ದರೆ +1.7ರಿಂದ ಆರಂಭಿಸಿ. ಮೋಡ ಕವಿದಿದ್ದರೆ +1ರಿಂದ +1.3. ಅರ್ಧ ಹಿಮ, ಅರ್ಧ ದೇವದಾರು ಇದ್ದರೆ +0.7 ಸಾಕು. ಕಪ್ಪು ಮರಗಳೇ ಹೆಚ್ಚಿದ್ದು ನಡುವೆ ಅಷ್ಟಿಷ್ಟು ಹಿಮವಿದ್ದರೆ ಏನೂ ಬೇಡ. ಎಲ್ಲಕ್ಕೂ +2 ಇಟ್ಟುಬಿಟ್ಟರೆ ಬಿಸಿಲಿನಲ್ಲಿ ಹಿಮದ ಹರಳು, ಗಾಳಿ ಬರೆದ ಗೆರೆ ಎಲ್ಲ ಸುಟ್ಟುಹೋಗಿ ಖಾಲಿ ಕಾಗದ ಉಳಿಯುತ್ತದೆ. ಒಮ್ಮೆ ಸುಟ್ಟ ಬಿಳಿಯನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು.

ಕೊನೆಯ ಮಾತು ಹಿಸ್ಟೋಗ್ರಾಂನದು, ಅಂದರೆ ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಂದು ಫೋಟೊದ ಬೆಳಕನ್ನು ಹಂಚಿ ತೋರಿಸುವ ಗ್ರಾಫಿನದು. ಗುಡ್ಡೆ ಬಲಗಡೆ ಇರಬೇಕು, ಬಲಗೋಡೆಗೆ ತಾಗಿರಬಾರದು. ಬಿಳಿ-ಕಪ್ಪಿನ ಒಂದೇ ಗ್ರಾಫ್ ನಂಬದೆ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆ ತೋರಿಸುವ ಗ್ರಾಫ್ ನೋಡಿ. ಸಂಜೆಗೆಂಪಿನಲ್ಲಿ ಕೆಂಪು ಚಾನೆಲ್ ಮೊದಲು ಒಡೆಯುತ್ತದೆ (ಬಲಗೋಡೆಗೆ ತಾಗಿ ವಿವರ ಕಳೆದುಕೊಳ್ಳುತ್ತದೆ), ನೆರಳಿನಲ್ಲಿ ನೀಲಿ. ಒಟ್ಟು ಗ್ರಾಫ್ ಮಾತ್ರ ಏನೂ ಆಗದವರಂತೆ ಇರುತ್ತದೆ. ಬೆಳಕು ಒಂದೇ ಸಮ ಇದ್ದಾಗ ಮ್ಯಾನುಯಲ್ ಮೋಡ್ ವಾಸಿ: ಕಪ್ಪು ಜಾಕೆಟ್ ತೊಟ್ಟವರೊಬ್ಬರು ಚೌಕಟ್ಟಿಗೆ ಬಂದರೆಂದು ಎಕ್ಸ್‌ಪೋಷರ್ ಹಾರಿಹೋಗುವುದಿಲ್ಲ.

ಮೊಬೈಲ್ ಮಾತ್ರ ಇದೆ. ಏನು ಮಾಡಲಿ?

ಹಿಮದ ಮೇಲೆ ಬೆರಳೊತ್ತಿ ಹಿಡಿದರೆ ಬಹುತೇಕ ಫೋನ್‌ಗಳಲ್ಲಿ ಫೋಕಸ್ ಮತ್ತು ಎಕ್ಸ್‌ಪೋಷರ್ ಎರಡೂ ನಿಲ್ಲುತ್ತವೆ. ಆಮೇಲೆ ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಹಿಮದ ಝಳಕ್ಕೆ ಪರದೆ ಮಂಕಾಗಿ ಕಾಣುವುದರಿಂದ ಎಲ್ಲರೂ ಅತಿಯಾಗಿ ಎಳೆಯುತ್ತಾರೆ. ಅಂಗೈಯಿಂದಲೋ ಟೊಪ್ಪಿಯಿಂದಲೋ ಪರದೆಗೆ ನೆರಳು ಮಾಡಿಕೊಂಡು ನೋಡಿ. ಪೋಲರೈಸ್ಡ್ ತಂಪುಕನ್ನಡಕ ತೊಟ್ಟಿದ್ದರೆ ಕೆಲವು ಕೋನಗಳಲ್ಲಿ ಪರದೆ ಕಪ್ಪಾಗಿಬಿಡುತ್ತದೆ, ಅದನ್ನು ತೆಗೆದು ನೋಡಿ. ಫೋನ್‌ನಲ್ಲಿ ರಾ (ಸಂಸ್ಕರಿಸದ ಕಡತ) ಸೌಲಭ್ಯವಿದ್ದರೆ ಬೆಳಗು-ಸಂಜೆಯ ಹೊತ್ತಿಗಾದರೂ ಬಳಸಿ.

ಹಿಮದಲ್ಲಿ ತೆಗೆದ ಫೋಟೊಗಳಲ್ಲಿ ನಮ್ಮ ಮುಖವೆಲ್ಲ ಕಪ್ಪಗೆ ಬರುತ್ತದಲ್ಲ?

ತಪ್ಪು ಮೈಬಣ್ಣದ್ದಲ್ಲ. ಮೀಟರ್ ಹಿಮವನ್ನು ಬೂದಾಗಿಸಿದಾಗ ಅದರ ಜೊತೆ ಮುಖವೂ ಎರಡು ಸ್ಟಾಪ್ ಕೆಳಗಿಳಿದಿರುತ್ತದೆ. ಗೋಧಿ, ಎಣ್ಣೆಗೆಂಪು ಬಣ್ಣದ ಮುಖಗಳು ಮೀಟರ್ ಬಯಸುವ ಬೂದಿಗೆ ಹತ್ತಿರದಲ್ಲೇ ಇರುತ್ತವೆ. ಆದ್ದರಿಂದ ಬಿಸಿಲಿನ ಹಿಮ ಸುಡುವ ಅಂಚಿಗೆ ಒಂದಿಷ್ಟು ಕೆಳಗೆ ಬರುವಂತೆ ಎಕ್ಸ್‌ಪೋಷರ್ ಇಟ್ಟರೆ ಮುಖ ತಾನಾಗಿ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಇನ್ನೂ ಕಪ್ಪಾದ ಮೈಬಣ್ಣವಿದ್ದರೆ ಅಲ್ಲಿ ನಿಂತ ಹಿಮವನ್ನೇ ಬಳಸಿ: ಸೂರ್ಯನಿಗೆ ಬೆನ್ನು ಕೊಟ್ಟು, ಮುಖ ಬಿಸಿಲು ಬಿದ್ದ ಹಿಮದ ಕಡೆಗಿರುವಂತೆ ನಿಲ್ಲಿಸಿ. ಕೆಳಗಿನಿಂದ ಮರಳುವ ಬೆಳಕು ಕಣ್ಣುಗುಳಿ, ಗಲ್ಲದಡಿಯ ನೆರಳನ್ನು ತುಂಬುತ್ತದೆ. ಮದುವೆಮನೆಯಲ್ಲಿ ದುಡ್ಡು ಕೊಟ್ಟು ತರಿಸುವ ರಿಫ್ಲೆಕ್ಟರ್ ಇಲ್ಲಿ ಹೆಜ್ಜೆ ಹೆಜ್ಜೆಗೂ ಹಾಸಿದೆ. ಸೂರ್ಯನಿಗೆ ನೇರ ಮುಖ ಮಾಡಿಸಬೇಡಿ. ಮೇಲಿನ ಬಿಸಿಲಿಗೂ ಕೆಳಗಿನ ಪ್ರತಿಫಲನಕ್ಕೂ ಕಣ್ಣು ಕಿರಿದಾಗುತ್ತದೆ.

ನೆರಳೆಲ್ಲ ನೀಲಿ. ಇದು ದೋಷವೇ? ತೆಗೆದುಬಿಡಬೇಕೇ?

ದೋಷವಲ್ಲ. ನೆರಳಿರುವ ಕಡೆ ನೇರ ಬಿಸಿಲು ತಲುಪುವುದಿಲ್ಲ, ಅಲ್ಲಿಗೆ ಬರುವುದು ನೀಲಿ ಆಕಾಶದ ಬೆಳಕು ಮಾತ್ರ. ಹಿಮ ಅದನ್ನು ಹಾಗೆಯೇ ತೋರಿಸುತ್ತದೆ. ನಮ್ಮ ಕಣ್ಣು-ಮಿದುಳು ಆ ನೀಲಿಯನ್ನು ಸರಿಪಡಿಸಿಕೊಂಡು ‘ಬಿಳಿ’ ಎಂದು ಓದುತ್ತವೆ, ಸೆನ್ಸರ್‌ಗೆ ಆ ಜಾಣತನವಿಲ್ಲ.

ಪೂರ್ತಿ ನೀಲಿ ತೆಗೆಯಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಬಿಸಿಲು ಬಿದ್ದ ಕಡೆ ತುಸು ಹಳದಿ, ನೆರಳಿನಲ್ಲಿ ತುಸು ನೀಲಿ ಇದ್ದಾಗಲೇ ಚಳಿ ಮೈಗೆ ತಾಗುವುದು. ವೈಟ್ ಬ್ಯಾಲೆನ್ಸ್ (ಬಿಳಿ ಯಾವುದೆಂದು ಕ್ಯಾಮೆರಾಗೆ ಹೇಳುವ ಸೆಟ್ಟಿಂಗ್, ಸಂಖ್ಯೆ ಏರಿದಷ್ಟೂ ಫೋಟೊ ಹಳದಿಗೆ ವಾಲುತ್ತದೆ) ಅನ್ನು ಡೇಲೈಟ್‌ಗೆ, ಸುಮಾರು 5,300 ಕೆಲ್ವಿನ್‌ಗೆ, ನಿಲ್ಲಿಸಿ ದಿನವಿಡೀ ಅದರಲ್ಲೇ ತೆಗೆಯಿರಿ. ಆಟೊ ಇಟ್ಟರೆ ಒಂದೇ ಜಾಗದ ಹತ್ತು ಫೋಟೊಗಳಿಗೆ ಹತ್ತು ಬಣ್ಣ. ಇಡೀ ದೃಶ್ಯವೇ ನೆರಳಿನಲ್ಲಿದ್ದು ಮುಖ ನೀಲಿಗಟ್ಟುತ್ತಿದ್ದರೆ ಮಾತ್ರ 6,500–7,500ಕ್ಕೆ ಏರಿಸಿ. ಶುದ್ಧ ನೀಲಿ ಆಕಾಶದಡಿಯ ನೆರಳಿಗೆ ಲೆಕ್ಕದ ಪ್ರಕಾರ 9,000–10,000 ಬೇಕಾಗಬಹುದು, ಆದರೆ ಅಷ್ಟಕ್ಕೆ ಹೋದರೆ ಬಿಸಿಲಿನ ಹಿಮ ಬೆಣ್ಣೆಯಂತೆ ಹಳದಿಯಾಗುತ್ತದೆ.

ಯಾವ ಹೊತ್ತಿನ ಬೆಳಕು ಒಳ್ಳೆಯದು?

ಬೆಂಗಳೂರಿನಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಕ್ಯಾಮೆರಾ ಒಳಗಿಡುವ ಅಭ್ಯಾಸ ಚಳಿಗಾಲದ ಉತ್ತರದಲ್ಲಿ ಬೇಕಿಲ್ಲ. ಡಿಸೆಂಬರ್ 21ರ ನಡುಹಗಲಿನಲ್ಲಿ ಬೆಂಗಳೂರಿನ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಮೇಲಿರುತ್ತಾನೆ, ಶ್ರೀನಗರದಲ್ಲಿ 32 ಡಿಗ್ರಿ, ಟೊರಾಂಟೊದಲ್ಲಿ ಬರೀ 23. ಐದೂವರೆ ಅಡಿ ಎತ್ತರದ ಮನುಷ್ಯನ ನೆರಳು ಬೆಂಗಳೂರಿನಲ್ಲಿ 4 ಅಡಿ, ಶ್ರೀನಗರದಲ್ಲಿ ಎಂಟೂವರೆ, ಟೊರಾಂಟೊದಲ್ಲಿ 13 ಅಡಿ. ನಟ್ಟ ನಡುಹಗಲಿನಲ್ಲೂ ಮರದ ನೆರಳು ಹಿಮದ ಮೇಲೆ ಉದ್ದಕ್ಕೆ ಮಲಗಿರುತ್ತದೆ.

ಹಾಗಿದ್ದರೂ ಹಿಮದ ಮೈ ಬಿಡಿಸಿ ತೋರಿಸುವುದು ಸೂರ್ಯ 15 ಡಿಗ್ರಿಗಿಂತ ಕೆಳಗಿದ್ದು ಪಕ್ಕದಿಂದ ಬರುವಾಗ. ಪ್ರತಿ ಹರಳಿಗೂ, ಪ್ರತಿ ಹೆಜ್ಜೆಗುರುತಿಗೂ ಆಗ ಒಂದೊಂದು ಪುಟ್ಟ ನೆರಳು ಬೀಳುತ್ತದೆ. ಆ ನೆರಳೇ ಆಕಾರ. ಸೂರ್ಯ ಬೆನ್ನ ಹಿಂದಿದ್ದರೆ ನೆರಳೆಲ್ಲ ವಸ್ತುಗಳ ಹಿಂದೆ ಅಡಗಿ, ಹಿಮ ಚಪ್ಪಟೆ ಹಾಳೆಯಾಗುತ್ತದೆ. ಎದುರು ಬೆಳಕಿನಲ್ಲಿ ಹರಳುಗಳು ಮಿನುಗುತ್ತವೆ. ಸೂರ್ಯನನ್ನು ಮರದ ಕಾಂಡದ ಅಂಚಿಗೆ ಅರ್ಧ ಮರೆಮಾಡಿ, ಲೆನ್ಸಿನ ಕಿಂಡಿಯನ್ನು ಎಫ್/16ಕ್ಕೆ ಕಿರಿದು ಮಾಡಿ ತೆಗೆದರೆ ಕಿರಣಗಳು ನಕ್ಷತ್ರದಂತೆ ಚಾಚುತ್ತವೆ.

ಶ್ರೀನಗರದಲ್ಲಿ ಡಿಸೆಂಬರ್ ಕೊನೆಗೆ ಸೂರ್ಯೋದಯ ಏಳೂವರೆಗೆ, ಸೂರ್ಯಾಸ್ತ ಸಂಜೆ ಐದೂವರೆಗೆ. ಇದು ಬಯಲಿನ ಲೆಕ್ಕ. ಸುತ್ತ ಬೆಟ್ಟವಿರುವ ಬಟ್ಟಲುಗಳಲ್ಲಿ ಬಿಸಿಲು ಒಂದೆರಡು ಗಂಟೆ ಮೊದಲೇ ಎದ್ದುಹೋಗುತ್ತದೆ, ಹಿಂದಿನ ದಿನವೇ ಹೋಗಿ ನೋಡಿಟ್ಟುಕೊಳ್ಳಿ. ಸೂರ್ಯ ಮುಳುಗಿದನೆಂದು ಟ್ರೈಪಾಡ್ ಮಡಿಸಲೂಬೇಡಿ. ಆಗ ಪೂರ್ವಕ್ಕೆ ತಿರುಗಿದರೆ ದಿಗಂತದ ಮೇಲೊಂದು ಗುಲಾಬಿ ಪಟ್ಟಿ, ಅದರ ಕೆಳಗೆ ನೀಲಿ-ಬೂದು ಪಟ್ಟಿ ಕಾಣುತ್ತದೆ. ಕೆಳಗಿನದು ಭೂಮಿಯದೇ ನೆರಳು. ಹಿಮ ಆ ಎರಡು ಬಣ್ಣಗಳನ್ನೂ ನೆಲಕ್ಕಿಳಿಸಿಕೊಳ್ಳುತ್ತದೆ. ಹತ್ತೇ ನಿಮಿಷದ ಈ ನೋಟ ಚಳಿಗಾಲದ ಅತಿ ದೊಡ್ಡ ಕೊಡುಗೆ, ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿ ನಿಂತು ಅದನ್ನು ಕಳೆದುಕೊಳ್ಳುತ್ತಾರೆ.

ಮೋಡ ಮುಸುಕಿ ನೆಲ, ಆಕಾಶ ಒಂದಾಗಿಬಿಟ್ಟರೆ?

ಆಕಾಶವನ್ನು ಬಿಟ್ಟುಬಿಡಿ, ಇಲ್ಲವೇ ಅದನ್ನೇ ಖಾಲಿ ಜಾಗವಾಗಿ ಬಳಸಿ. ಮಧ್ಯದ ದಾರಿ ಹಿಡಿದರೆ ಫೋಟೊ ಮಂಕು. ಇಂಥ ಬೆಳಕಿನಲ್ಲಿ ಹಿಮಕ್ಕೆ ಆಕಾರವೇ ಇರುವುದಿಲ್ಲವಾದ್ದರಿಂದ ಕಪ್ಪು ಗೆರೆಗಳು ಆಕಾರ ಕೊಡಬೇಕು: ಬೇಲಿಗೂಟ, ಬೋಳು ಚಿನಾರ್, ಹೆಪ್ಪುಗಟ್ಟದೆ ಉಳಿದ ತೊರೆ, ದಾಲ್ ಸರೋವರದ ಮೇಲೊಂದು ದೋಣಿ. ಕಪ್ಪು-ಬಿಳುಪಿಗೆ ಇದಕ್ಕಿಂತ ಒಳ್ಳೆಯ ದಿನವಿಲ್ಲ. ಸ್ಪಿತಿಯ ಕೀ ಗೊಂಪ ಎಂಬ ಬೌದ್ಧ ಮಠದಂಥ ಸುಣ್ಣದ ಗೋಡೆಯ ಕಟ್ಟಡ ಮಾತ್ರ ಮೋಡದ ದಿನ ಹಿಂದಿನ ಬೆಟ್ಟದಲ್ಲಿ ಕರಗಿಹೋಗುತ್ತದೆ. ಅದಕ್ಕೆ ಪಕ್ಕದ ಬಿಸಿಲು ಬೇಕೇ ಬೇಕು.

ಎಲ್ಲೆಲ್ಲೂ ಬಿಳಿ. ಚೌಕಟ್ಟನ್ನು ಎಲ್ಲಿಂದ ಕಟ್ಟಲು ಶುರು ಮಾಡಲಿ?

ಕಾಲಿನಿಂದ. ತಮಾಷೆಯಲ್ಲ, ಹಿಮದಲ್ಲಿ ಹೆಚ್ಚಿನ ಚೌಕಟ್ಟುಗಳು ಹಾಳಾಗುವುದು ತೆಗೆಯುವವರದೇ ಹೆಜ್ಜೆಗಳಿಂದ. ಗಾಡಿಯಿಂದ ಇಳಿದ ಕೂಡಲೇ ಓಡಬೇಡಿ. ನಿಂತಲ್ಲಿಂದ ನೋಡಿ, ಎಲ್ಲಿ ಟ್ರೈಪಾಡ್ ಇಡುತ್ತೀರಿ, ಯಾವ ತುಂಡು ಹಿಮ ಮುಟ್ಟದೆ ಉಳಿಯಬೇಕು ಎಂದು ಗೊತ್ತುಮಾಡಿ, ಬೇಲಿಯಂಚಿನಲ್ಲೋ ಈಗಾಗಲೇ ತುಳಿದ ದಾರಿಯಲ್ಲೋ ಬಳಸಿಕೊಂಡು ಹೋಗಿ. ಜೊತೆಗಿರುವವರಿಗೂ ಮೊದಲೇ ಹೇಳಿ, ಮಕ್ಕಳಿಗೆ ಆಟಕ್ಕೆ ಬೇರೆ ಬದಿ ತೋರಿಸಿ.

ಹೆಜ್ಜೆಸಾಲು ಬೇಕೇ ಬೇಕೆಂದರೆ ಒಬ್ಬರೇ, ಒಂದೇ ಸಲ, ಚೌಕಟ್ಟಿನ ಕೆಳಮೂಲೆಯಿಂದ ಸ್ವಲ್ಪ ಬಾಗಿದ ದಾರಿಯಲ್ಲಿ ನಡೆದುಹೋಗಲಿ. ಹೋದವರು ಅದೇ ದಾರಿಯಲ್ಲಿ ಮರಳಬಾರದು. ಮರಳಿದ ಹೆಜ್ಜೆಗಳು ಸಾಲನ್ನು ಕಲಸಿ ಕೆಸರುಗದ್ದೆ ಮಾಡುತ್ತವೆ. ಮನುಷ್ಯ ಚೌಕಟ್ಟಿನ ಎತ್ತರದಲ್ಲಿ ಹತ್ತನೇ ಒಂದು ಭಾಗದಷ್ಟಿದ್ದರೂ ಸಾಕು, ಖಾಲಿ ಬಿಳಿಯಲ್ಲಿ ಕಣ್ಣು ಅವನನ್ನೇ ಹುಡುಕಿ ನಿಲ್ಲುತ್ತದೆ. ಅವನ ಮುಂದೆ, ನಡೆಯುವ ದಿಕ್ಕಿನಲ್ಲಿ, ಜಾಗ ಬಿಡಿ.

ಇನ್ನೊಂದು ತೊಡಕು ಅಂಚುಗಳದ್ದು. ಬಿಳಿ ಹಿನ್ನೆಲೆಯಲ್ಲಿ ಮೂಲೆಯ ಒಂದು ಕಪ್ಪು ಕೊಂಬೆ, ಬಿದ್ದ ಒಂದು ಚಿಪ್ಸ್ ಪೊಟ್ಟಣ ಕೂಡ ಕೂಗುತ್ತದೆ. ಶಟರ್ ಒತ್ತುವ ಮುನ್ನ ನಾಲ್ಕೂ ಅಂಚುಗಳ ಮೇಲೆ ಕಣ್ಣಾಡಿಸಿ. ಮರಗಳ ಗುಂಪಿದ್ದರೆ ಕಾಂಡಗಳು ಒಂದರ ಮೇಲೊಂದು ಬೀಳದಂತೆ ಎಡಕ್ಕೋ ಬಲಕ್ಕೋ ಒಂದು ಹೆಜ್ಜೆ ಸರಿಯಿರಿ, ನಡುವೆ ಕಾಣುವ ಬಿಳಿಯ ಸಂದುಗಳೇ ಲಯ ಕೊಡುತ್ತವೆ. ದಿಗಂತ ಕಾಣದ ಕಡೆ ಕಣ್ಣಳತೆ ಮೋಸ ಮಾಡುತ್ತದೆ, ಕ್ಯಾಮೆರಾದ ಲೆವೆಲ್ ಗೆರೆ ಹಾಕಿಕೊಳ್ಳಿ. ಗೀರು ಬೀಳದ ಇಳಿಜಾರು ಎಷ್ಟೇ ಚಂದ ಕಂಡರೂ ಸ್ಥಳೀಯ ಮಾರ್ಗದರ್ಶಿಯನ್ನು ಕೇಳದೆ ಕಾಲಿಡಬೇಡಿ. ಹಿಮಕುಸಿತ ಆಗುವುದು ಅಂಥಲ್ಲೇ.

ಬಣ್ಣಕ್ಕೆ ಏನು ಮಾಡುವುದು? ಯಾವ ಬಟ್ಟೆ ಹಾಕಿಸಲಿ?

ಒಂದೇ ಬಣ್ಣ, ಒಂದೇ ಜಾಗ. ಕಡುಗೆಂಪು, ಸಾಸಿವೆ ಹಳದಿ, ಕಿತ್ತಳೆ ಹಿಮದ ನೀಲಿಗೆ ಎದುರುಬದುರಾಗಿ ನಿಂತು ಹೊಳೆಯುತ್ತವೆ. ಅಚ್ಚ ಬಿಳಿ, ತಿಳಿ ಬೂದು ಬಟ್ಟೆ ಕರಗಿಹೋಗುತ್ತವೆ. ಫ್ಲೋರೊಸೆಂಟ್ ಗುಲಾಬಿ, ಹಸಿರು ಬಾಡಿಗೆ ಜಾಕೆಟ್‌ಗಳು ಚಾನೆಲ್ ಒಡೆದು ಮಡಿಕೆಗಳೇ ಕಾಣದ ಬಣ್ಣದ ಮುದ್ದೆಯಾಗುತ್ತವೆ. ಜೊತೆಗೆ ಆ ಬಣ್ಣ ಗಲ್ಲದ ಕೆಳಗೂ ಹೊಡೆಯುತ್ತದೆ. ಮನೆಯಿಂದಲೇ ಒಂದು ಕೆಂಪು ಶಾಲು ಒಯ್ದರೆ ಎಲ್ಲ ಸಮಸ್ಯೆಯೂ ತೀರುತ್ತದೆ. ಕಾಶ್ಮೀರದ ಕಂದು, ಮಣ್ಣಿನ ಬಣ್ಣದ ಫೆರನ್ ಎಂಬ ನಿಲುವಂಗಿ ಹಿಮದಲ್ಲಿ ಸೊಗಸು.

ಸೂರ್ಯ ಮುಳುಗಿ 20–30 ನಿಮಿಷವಾದ ಮೇಲೆ ಬೆಲೆಬಾಳುವ ಹೊತ್ತು ಇನ್ನೊಂದಿದೆ. ಹಿಮ ಕಡುನೀಲಿ, ಮನೆಯ ಕಿಟಕಿಯಲ್ಲಿ ಹಳದಿ ದೀಪ. ದೀಪಕ್ಕೂ ಹಿಮಕ್ಕೂ ಬೆಳಕು ಸರಿದೂಗುವುದು ಹತ್ತು-ಹದಿನೈದು ನಿಮಿಷ ಮಾತ್ರ. ಬೇಗ ತೆಗೆದರೆ ದೀಪ ಕಾಣದು, ತಡವಾದರೆ ಕಿಟಕಿ ಸುಟ್ಟು ಸುತ್ತ ಕಪ್ಪು. 4,000–4,500 ಕೆಲ್ವಿನ್, ಎಫ್/8, ಐಎಸ್‌ಒ (ಸೆನ್ಸರ್‌ನ ಸೂಕ್ಷ್ಮತೆ) 200, ಟ್ರೈಪಾಡ್ ಇಟ್ಟು ಎರಡು ನಿಮಿಷಕ್ಕೊಂದರಂತೆ ತೆಗೆಯುತ್ತ ಹೋಗಿ, ಶಟರ್ 1 ಸೆಕೆಂಡಿನಿಂದ 8ರವರೆಗೆ ಉದ್ದವಾಗುತ್ತದೆ. ಹುಣ್ಣಿಮೆಯಾಗಿದ್ದರೆ ಉಳಿದುಕೊಳ್ಳಿ: ಎಫ್/4, ಐಎಸ್‌ಒ 800, 10 ಸೆಕೆಂಡಿನಿಂದ ಪ್ರಯತ್ನಿಸಿ.

ಬೀಳುವ ಹಿಮ ಫೋಟೊದಲ್ಲಿ ಕಾಣುವುದೇ ಇಲ್ಲ.

ಬಿಳಿ ಆಕಾಶದ ಮುಂದೆ ಬಿಳಿ ಹಿಮ ಹೇಗೆ ಕಾಣಬೇಕು? ಹಿಂದೆ ದೇವದಾರಿನ ಕಪ್ಪು, ಮರದ ಗೋಡೆ, ಅಂಗಡಿಯ ಕತ್ತಲು ಇರಲಿ. ಅಗಲ ಲೆನ್ಸ್‌ಗಿಂತ 85–200 ಮಿ.ಮೀ. ಒಳ್ಳೆಯದು, ದೂರದ ಪದರಗಳೆಲ್ಲ ಒತ್ತಿಬಂದು ಹಿಮ ದಟ್ಟವಾಗುತ್ತದೆ. ಹಿಮದ ಪಕಳೆ ಸೆಕೆಂಡಿಗೆ ಸುಮಾರು ಒಂದು ಮೀಟರ್ ಇಳಿಯುತ್ತದೆ. 1/500ರಲ್ಲಿ ಅದು ಚುಕ್ಕಿ, 1/60ರಲ್ಲಿ ಒಂದೂವರೆ ಸೆಂಟಿಮೀಟರಿನ ಗೀಟು, 1/15ರಲ್ಲಿ ಮಳೆಯಂಥ ಎಳೆ. ಗಾಳಿಯಿದ್ದರೆ ಇನ್ನೂ ಉದ್ದ. ಆಟೊಫೋಕಸ್ ಮುಂದಿನ ಪಕಳೆಗಳ ಬೆನ್ನು ಹತ್ತುತ್ತದೆ, ಒಂದೇ ಬಿಂದುವನ್ನು ಜಾಕೆಟ್ಟಿನ ಅಂಚಿನಂಥ ಗಾಢ ಗೆರೆಯ ಮೇಲಿಟ್ಟು ಹಿಡಿದು, ಮ್ಯಾನುಯಲ್‌ಗೆ ತಿರುಗಿಸಿಬಿಡಿ.

ಫ್ಲ್ಯಾಶ್ ಬಳಸುವುದಾದರೆ ಕ್ಯಾಮೆರಾದ ಮೇಲಿಡಬೇಡಿ. ಲೆನ್ಸ್‌ನ ಮೂಗಿನಡಿ ಹಾರುವ ಪಕಳೆಗಳು ದೊಡ್ಡ ಬಿಳಿ ಬಿಲ್ಲೆಗಳಾಗಿ ಮುಖ ಮುಚ್ಚುತ್ತವೆ. ವ್ಯಕ್ತಿಯ ಹಿಂದೆ ಓರೆಯಾಗಿಟ್ಟರೆ ಅದೇ ಹಿಮ ಕಿಡಿಗಳಂತೆ ಹೊತ್ತಿಕೊಳ್ಳುತ್ತದೆ. ಇನ್ನೊಂದು ಹಳೆಯ ಉಪಾಯ: ಫ್ಲ್ಯಾಶ್‌ಗೆ ಪೂರ್ತಿ ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ), ವೈಟ್ ಬ್ಯಾಲೆನ್ಸ್ 3,200, ಹಿನ್ನೆಲೆಯ ಎಕ್ಸ್‌ಪೋಷರ್ ಒಂದು ಸ್ಟಾಪ್ ಕಡಿಮೆ. ವ್ಯಕ್ತಿ ಸಹಜ ಬಣ್ಣದಲ್ಲಿ, ಸುತ್ತಲಿನ ಹಿಮ ನಡುಹಗಲಲ್ಲೂ ಮುಸ್ಸಂಜೆಯ ನೀಲಿಯಲ್ಲಿ.

ಪೋಲರೈಸರ್ (ಲೆನ್ಸ್ ಮುಂದೆ ತಿರುಗಿಸಿ ಝಳ ತಗ್ಗಿಸುವ ಫಿಲ್ಟರ್) ಬೇಕೇ?

ಹಿಮದ ಝಳ ತಗ್ಗಿಸಲು ಸ್ವಲ್ಪ ತಿರುಗಿಸಿ ಬಳಸಬಹುದು. ಮೂರು-ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಆಕಾಶ ಮೊದಲೇ ಗಾಢ, ಪೂರ್ತಿ ತಿರುಗಿಸಿದರೆ ಕಪ್ಪಾಗುತ್ತದೆ. 24 ಮಿ.ಮೀ.ಗಿಂತ ಅಗಲದ ಲೆನ್ಸ್‌ನಲ್ಲಿ ಆಕಾಶದ ಒಂದು ಭಾಗ ಕಪ್ಪು, ಉಳಿದದ್ದು ಪೇಲವವಾಗಿ ಪಟ್ಟೆ ಬೀಳುತ್ತದೆ.

ಒಂದೊಂದೇ ಹಿಮದ ಹರಳನ್ನು ತೆಗೆಯುವುದು ಹೇಗೆ?

ಅಮೆರಿಕದ ವರ್ಮಾಂಟಿನ ಜೆರಿಕೊದ ರೈತ ವಿಲ್ಸನ್ ಬೆಂಟ್ಲಿ 1885ರ ಜನವರಿ 15ರಂದು ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹರಳಿನ ತಮ್ಮ ಮೊದಲ ಫೋಟೊ ತೆಗೆದರು. ಮುಂದೆ ಐದು ಸಾವಿರಕ್ಕೂ ಹೆಚ್ಚು ತೆಗೆದರು. ಅವರು ಪಟ್ಟ ಪಾಡು ಇವತ್ತಿಗೂ ಅಷ್ಟೇ: ಹರಳು ಕರಗುವ ಮುನ್ನ ಕೆಲಸ ಮುಗಿಯಬೇಕು.

ಶಿಮ್ಲಾ, ಶ್ರೀನಗರದಲ್ಲಿ ಸೊನ್ನೆಯ ಆಸುಪಾಸಿನಲ್ಲಿ ಬೀಳುವ ಹತ್ತಿಯಂಥ ಹಿಮ ನೂರಾರು ಹರಳುಗಳ ಒದ್ದೆ ಮುದ್ದೆ, ಅದರಲ್ಲಿ ಹುಡುಕಿ ಫಲವಿಲ್ಲ. ಆರು ರೆಂಬೆಯ ನಕ್ಷತ್ರ ಮೂಡುವುದು ಮೋಡದೊಳಗೆ ಉಷ್ಣತೆ ಮೈನಸ್ 15 ಡಿಗ್ರಿಯ ಹತ್ತಿರ ಇದ್ದಾಗ. ಮೈನಸ್ 5ರ ಸುತ್ತ ಸೂಜಿ, ಕಂಬದಂಥವು ಬೀಳುತ್ತವೆ. ಕಪ್ಪು ಉಣ್ಣೆಬಟ್ಟೆಯನ್ನು ಅರ್ಧ ಗಂಟೆ ಹೊರಗಿಟ್ಟು ತಣ್ಣಗಾದ ಮೇಲೆ ಹರಳು ಬೀಳಲು ಬಿಡಿ. ಉಣ್ಣೆಯ ಎಳೆಗಳು ಅದನ್ನು ಎತ್ತಿ ಹಿಡಿಯುತ್ತವೆ. ಹರಳಿನ ಅಗಲ 2–4 ಮಿ.ಮೀ., ಸಾಮಾನ್ಯ ಮ್ಯಾಕ್ರೊ (ತೀರಾ ಹತ್ತಿರದಿಂದ ತೆಗೆಯುವ) ಲೆನ್ಸಿನ ಒಂದಕ್ಕೊಂದು ಅಳತೆಯಲ್ಲಿ ಅದು ಫುಲ್ ಫ್ರೇಮ್ ಚೌಕಟ್ಟಿನ ಅಗಲದಲ್ಲಿ ಸುಮಾರು ಹನ್ನೆರಡನೇ ಒಂದು ಪಾಲಷ್ಟೆ. ಲೆನ್ಸ್ ಹಿಂದೆ ಎಕ್ಸ್‌ಟೆನ್ಷನ್ ಟ್ಯೂಬ್ (ಟೊಳ್ಳು ಕೊಳವೆ) ಸೇರಿಸಿ ಎರಡು-ಮೂರು ಪಟ್ಟು ಹಿಗ್ಗಿಸಿ. ಪುಟ್ಟ ಎಲ್‌ಇಡಿ ದೀಪ ತೀರಾ ಓರೆಯಾಗಿ ಬೀಳಲಿ. ನೇರ ಬೆಳಕು ಬಿದ್ದರೆ ಪಾರದರ್ಶಕ ಹರಳು ಕಾಣದೇ ಹೋಗುತ್ತದೆ. ಉಸಿರನ್ನು ಪಕ್ಕಕ್ಕೆ ಬಿಡಿ.

ಹಿಮವೇ ಬೀಳದ ಕರ್ನಾಟಕದಲ್ಲಿ ಇದರಲ್ಲಿ ಏನು ಉಪಯೋಗ?

ಕನ್ನಡದಲ್ಲಿ ಹಿಮವೂ ಮಂಜೇ, ಕಾವಳವೂ ಮಂಜೇ. ಮೀಟರ್ ಎರಡರಲ್ಲೂ ಒಂದೇ ತಪ್ಪು ಮಾಡುತ್ತದೆ, ಕಾವಳಕ್ಕೆ +0.7ರಿಂದ +1 ಕೊಡಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯ ಮರುಬೆಳಿಗ್ಗೆ ಕಣಿವೆಯಲ್ಲಿ ಕಾವಳ ತುಂಬುತ್ತದೆ. ನಂದಿಬೆಟ್ಟ, ಮುಳ್ಳಯ್ಯನಗಿರಿ, ಕೊಡಗಿನ ಮಾಂದಲ್‌ಪಟ್ಟಿಯಿಂದ 70–200 ಲೆನ್ಸ್‌ನಲ್ಲಿ ಬೆಟ್ಟದ ಸಾಲುಗಳನ್ನು ಒತ್ತೊತ್ತಾಗಿ ಹಿಡಿಯಿರಿ. ಕಾವಳದ ಹನಿಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆಲ್ಲುವುದರಿಂದ ಸೂರ್ಯನ ಕಡೆಗೆ ತಿರುಗಿದಾಗಲೇ ಅದು ಹೊತ್ತಿಕೊಳ್ಳುವುದು. ಕಾಫಿತೋಟದ ಸಿಲ್ವರ್ ಓಕ್ ನಡುವಿನ ಬೆಳಕಿನ ಕೋಲುಗಳೂ ಹಾಗೆಯೇ. ಅವರೆಗೆ ಸೊಗಡು ತರುವ ಇಬ್ಬನಿ ಜೇಡರಬಲೆಗೂ ಮಣಿ ಪೋಣಿಸಿರುತ್ತದೆ. ಕ್ಯಾಮೆರಾವನ್ನು ಬಲೆಗೆ ಸಮಾನಾಂತರ ಹಿಡಿದು, ಎದುರುಬೆಳಕಿನಲ್ಲಿ, ಎಫ್/8ರಲ್ಲಿ ತೆಗೆಯಿರಿ. ಬಿಸಿಲೇರುವ ಮುನ್ನ ಮುಗಿಸಿ.

ಸಂಸ್ಕರಣೆಯಲ್ಲಿ ಎಲ್ಲಿ ತಪ್ಪುತ್ತೇವೆ?

ಹಿಮವನ್ನು ‘ಇನ್ನೂ ಬೆಳ್ಳಗೆ’ ಮಾಡುವಲ್ಲಿ. ಬಿಸಿಲಿನ ಹಿಮ 255ರ ಅಳತೆಯಲ್ಲಿ (0 ಕಪ್ಪು, 255 ಅಚ್ಚ ಬಿಳಿ) 235–245ರ ನಡುವೆ ಇರಲಿ, ನೆರಳಿನ ಹಿಮ 150–190ಕ್ಕೆ ಇಳಿದರೂ ಚಿಂತೆಯಿಲ್ಲ. ನೀಲಿ ಅತಿಯಾಗಿದ್ದರೆ ನೀಲಿಯ ಸ್ಯಾಚುರೇಷನ್ ಮಾತ್ರ 10–20 ತಗ್ಗಿಸಿ, ಇಡೀ ಫೋಟೊದ ವೈಟ್ ಬ್ಯಾಲೆನ್ಸ್ ಕೆಡಿಸಬೇಡಿ. ಮಸುಕು ತೆಗೆಯುವ ಡೀಹೇಜ್ ಸ್ಲೈಡರ್ ಎಳೆದರೆ ನೆರಳು ಕೊಳಕು ನೀಲಿಯಾಗಿ ಮರಳಿನಂಥ ಚುಕ್ಕೆಗಳು ಏಳುತ್ತವೆ. ಎಫ್/16ರಲ್ಲಿ ತೆಗೆದ ಖಾಲಿ ಬಿಳಿಯಲ್ಲಿ ಸೆನ್ಸರ್ ಧೂಳು ಒಂದೊಂದೂ ಕಾಣುತ್ತದೆ, ಹೊರಡುವ ಮುನ್ನ ಸ್ವಚ್ಛಗೊಳಿಸಿಕೊಳ್ಳಿ.

ಚಳಿಗೆ ಕ್ಯಾಮೆರಾ ಕೆಡುತ್ತದೆಯೇ?

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನದ ಕಡುಚಳಿಗೆ ಚಿಲ್ಲೈ ಕಲಾನ್ ಎನ್ನುತ್ತಾರೆ. ಆ ಚಳಿಗಿಂತ ಕ್ಯಾಮೆರಾವನ್ನು ಹೆಚ್ಚು ಕೆಡಿಸುವುದು ಒಳಗಿನ ಬೆಚ್ಚಗಿನ ಕೋಣೆ. ತಣ್ಣಗಿನ ಕ್ಯಾಮೆರಾ ಒಳಗೆ ತಂದೊಡನೆ ಲೆನ್ಸ್ ಮೇಲೂ ಒಳಗೂ ನೀರು ಬೆವರುತ್ತದೆ. ಬಾಗಿಲ ಹೊರಗೇ ಬ್ಯಾಟರಿ, ಕಾರ್ಡ್ ತೆಗೆದುಕೊಂಡು, ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಳಗೆ ಒಂದೆರಡು ಗಂಟೆ ಹಾಗೆಯೇ ಬಿಡಿ. ಬೆವರು ಚೀಲದ ಹೊರಮೈಗೆ ಕೂರುತ್ತದೆ. ಬುಖಾರಿಯ (ಕೋಣೆ ಕಾಯಿಸುವ ಒಲೆಯ) ಪಕ್ಕ ಇಟ್ಟು ಬೇಗ ಒಣಗಿಸಲು ಹೋಗಬೇಡಿ.

ಬ್ಯಾಟರಿಗಳು ಚಳಿಯಲ್ಲಿ ಸೋತಂತೆ ಕಾಣುತ್ತವೆ. ಮೂರು ಇಟ್ಟುಕೊಳ್ಳಿ, ಎರಡು ಒಳ ಅಂಗಿಯ ಜೇಬಿನಲ್ಲಿ. ಖಾಲಿ ಎಂದು ತೋರಿಸಿದ್ದು ಮೈಬಿಸಿಗೆ ಅರ್ಧ ಗಂಟೆ ಇದ್ದರೆ ಮತ್ತಷ್ಟು ಫೋಟೊ ಕೊಡುತ್ತದೆ. ಮೈ ಕಾಯಿಸುವ ಕಾಂಗ್ಡಿ ಮಡಕೆಯ ಕೆಂಡದ ಮೇಲೆ ಹಿಡಿಯಬೇಡಿ, ಲಿಥಿಯಂ ಬ್ಯಾಟರಿಗೆ ಅದು ಅಪಾಯ. ಲೆನ್ಸ್ ಮೇಲಿನ ಹಿಮವನ್ನು ಬಾಯಿಂದ ಊದಿದರೆ ಉಸಿರು ಅಲ್ಲೇ ಹೆಪ್ಪುಗಟ್ಟುತ್ತದೆ. ರಬ್ಬರ್ ಬ್ಲೋವರ್ ಸಾಕು, ಅಂಟಿಕೊಂಡಿದ್ದರೆ ಮೆತ್ತನೆ ಕುಂಚ. ಲೋಹದ ಟ್ರೈಪಾಡ್ ಕಾಲುಗಳಿಗೆ ಫೋಮ್ ಸುತ್ತಿ, ಬರಿಗೈಯಲ್ಲಿ ಮುಟ್ಟಬೇಡಿ.